ಬ್ರೇಕ್ ಮುಟ್ಟಿದರೆ ಸಾಕು

ಟಿಕ್.

ಇಷ್ಟೇ ಸದ್ದು. ಗೋಡೆ ಗಡಿಯಾರದ್ದಲ್ಲ, ಅದು ನಿಂತು ವರ್ಷವಾಗಿತ್ತು. ನಲ್ಲಿಯದ್ದೂ ಅಲ್ಲ, ನಲ್ಲಿ ತೊಟ್ಟಿಕ್ಕಿದರೆ ಆ ಸದ್ದಿನಲ್ಲೇ ಒಂದು ಒದ್ದೆ ಇರುತ್ತದೆ. ಇದು ಒಣ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಿಕ್.

ಕಣ್ಣು ಬಿಟ್ಟುಕೊಂಡೇ ಮಲಗಿದ್ದ ಅವಳು ಎದ್ದು ಕೂತಳು. ಆ ಮನೆಯಲ್ಲಿ ಇದ್ದದ್ದು ಮೂವರು: ಅವಳು, ಅಪ್ಪ, ತಮ್ಮ. ಹಲ್ಲಿನ ಡಾಕ್ಟರ ಕಾರು ಕೆರೆ ತಿರುವಿನಲ್ಲಿ ತಿರುಗದೆ ನೆಟ್ಟಗೆ ಹೋಗಿ ಕಲ್ಲಿನ ತಡೆಗೋಡೆಗೆ ಗುದ್ದಿ, ಡಾಕ್ಟರು ಅಲ್ಲೇ ಸತ್ತ ಮೇಲೆ, ಮೂವರಲ್ಲಿ ಯಾರಿಗೂ ನಿದ್ದೆ ಹತ್ತುತ್ತಿರಲಿಲ್ಲ.

ತಮ್ಮ ಅಡುಗೆಮನೆಯ ಮೇಜಿನ ಮುಂದೆ ಕತ್ತಲಲ್ಲೇ ಕೂತಿದ್ದ. ಅವಳು ದೀಪ ಹಾಕಿದಳು. ಅವನ ಕೈಯಲ್ಲಿ ಹೆಬ್ಬೆರಳಿನಷ್ಟು ಉದ್ದದ ಒಂದು ಸ್ವಿಚ್ಚು ಇತ್ತು. ಕಾರಿನ ಬ್ರೇಕ್ ಪೆಡಲ್ಲಿನ ಹಿಂದೆ ಕೂರಿಸುವಂಥದ್ದು. ಅದರ ಮೂತಿಯನ್ನು ಒತ್ತುತ್ತಿದ್ದ, ಬಿಡುತ್ತಿದ್ದ.

"ಅಪ್ಪ ಎದ್ದುಬಿಡ್ತಾರೆ ಕಣೋ."

"ಎದ್ದೇ ಇದ್ದಾರೆ. ಕೆಮ್ಮು ಕೇಳಿಸ್ಲಿಲ್ವಾ?"

"ಅದನ್ನ ಎಲ್ಲಿಂದ ತಂದೆ?"

"ನಮ್ಮ ರಿಪೇರಿ ಶೆಡ್ಡಿನಲ್ಲಿತ್ತು. ಹಳೇದು." ಅವನು ಅದನ್ನು ಮೇಜಿನ ಮೇಲಿಟ್ಟ. ಮರುಕ್ಷಣವೇ ಮತ್ತೆ ಎತ್ತಿಕೊಂಡ. "ಅಕ್ಕ, ನಾನು ಎಲ್ಲಿ ತಪ್ಪಿದೆ ಅಂತ ಹೇಳು. ನೀನು ಇಷ್ಟು ವರ್ಷದಿಂದ ಗುದ್ದಿದ ಕಾರುಗಳನ್ನೇ ನೋಡ್ತಾ ಬಂದಿದೀಯ."

ಅದು ನಿಜ. ಅವಳು ಇನ್ಶೂರೆನ್ಸ್ ಕಂಪನಿಯ ಸರ್ವೇಯರ್. ಅಪಘಾತವಾದ ವಾಹನ ಬಂದರೆ ಅದರ ಸುತ್ತ ತಿರುಗಿ, ಬಗ್ಗಿ, ಮಲಗಿ, ಯಾವುದು ಮುರಿದದ್ದರಿಂದ ಯಾವುದು ಮುರಿಯಿತು ಎಂದು ಹೇಳುವುದು ಅವಳ ಕೆಲಸ. ಆದರೆ ಈ ಕಾರನ್ನು ಅವಳು ಮುಟ್ಟುವಂತಿರಲಿಲ್ಲ. ಅದಕ್ಕೆ ಕ್ರೂಸ್ ಕಂಟ್ರೋಲ್ ಕೂರಿಸಿದ್ದು ಅವಳ ಸ್ವಂತ ತಮ್ಮ. ಹಾಗಾಗಿ ಆಫೀಸಿನವರು ಕೆಲಸವನ್ನು ಬೇರೆಯವರಿಗೆ ವಹಿಸಿದ್ದರು.

"ಇನ್ನೊಂದು ಸಲ ಹೇಳು," ಎಂದಳು. "ಹೊಸಬರಿಗೆ ಹೇಳೋ ಹಾಗೆ."

ಅವನು ಕಣ್ಣುಜ್ಜಿಕೊಂಡ. "ಡಾಕ್ಟರಿಗೆ ಬಲ ಮೊಣಕಾಲಿನ ಆಪರೇಷನ್ ಆಗಿತ್ತು. ದೂರ ಓಡಿಸಿದ್ರೆ ಆಕ್ಸಿಲರೇಟರ್ ಮೇಲೆ ಕಾಲಿಟ್ಟೂ ಇಟ್ಟೂ ನೋವು. ಹೊಸ ಕಾರು ತಗೊಳ್ಳಿ ಅಂದೆ. 'ಕಿತ್ತು ಹೊಸದು ಕೂರಿಸೋದು ಯಾರಿಗಾದ್ರೂ ಬರುತ್ತೆ ಕಣಯ್ಯ, ಇರೋದನ್ನ ಉಳಿಸು' ಅಂದ್ರು. ಕಿಟ್ ತರಿಸಿದೆ. ಬಾನೆಟ್ ಒಳಗೆ ಒಂದು ಮೋಟಾರು. ಅದು ಆಕ್ಸಿಲರೇಟರ್ ಕೇಬಲ್ಲನ್ನ ತಾನೇ ಹಿಡಿದು ಎಳೆದು ವೇಗ ಕಾಯುತ್ತೆ, ಕಾಲು ತೆಗೆದು ಕೂತ್ಕೋಬಹುದು."

"ನಿಲ್ಲಿಸಬೇಕಾದ್ರೆ?"

"ಬ್ರೇಕ್ ಮುಟ್ಟಿದ್ರೆ ಸಾಕು. ಒತ್ತೋದೂ ಬೇಡ." ಅವನು ಸ್ವಿಚ್ಚು ತೋರಿಸಿದ. "ಕಿಟ್ಟಿನಿಂದ ಒಂದು ನೇರಳೆ ವೈರು ಬಂದು ಬ್ರೇಕ್ ಲೈಟಿನ ವೈರಿಗೆ ಸೇರುತ್ತೆ. ಬ್ರೇಕ್ ಒತ್ತದೇ ಇರೋವಾಗ ಆ ವೈರಿಗೆ ಬಲ್ಬಿನ ಫಿಲಮೆಂಟ್ ಮೂಲಕ ಕಾರಿನ ಬಾಡಿ ಸಿಗ್ತಾ ಇರುತ್ತೆ. ಅಂದ್ರೆ ಅರ್ತ್. ಅರ್ತ್ ಸಿಕ್ಕಿದ್ರೆ ಮಾತ್ರ ಕ್ರೂಸ್ ಕೆಲಸ ಶುರು ಮಾಡೋದು. ಬ್ರೇಕ್ ಮುಟ್ಟಿದ ತಕ್ಷಣ ಅರ್ತ್ ಇದ್ದ ಕಡೆ ಕರೆಂಟು ಬರುತ್ತೆ. ಕರೆಂಟು ಬಂತೋ, ಕೇಬಲ್ಲು ಬಿಟ್ಟುಬಿಡುತ್ತೆ. ನಾನೇ ಓಡಿಸಿ ನೋಡಿದೆ. ಅವರೂ ನನ್ನ ಪಕ್ಕ ಕೂತು ನೋಡಿದ್ರು. ಚಿಕ್ಕ ಮಕ್ಕಳ ಹಾಗೆ ನಕ್ಕರು ಅಕ್ಕ."

ಟಿಕ್.

"ಆ ಮೇಲೆ ನೀನು ಆ ಕಾರನ್ನ ಮತ್ತೆ ಮುಟ್ಟಲಿಲ್ಲ?"

"ಇಲ್ಲ. ಅವರು ಇನ್ನೊಂದು ಸಲ ಬಂದಿದ್ರಂತೆ, ನಾನು ಊರಲ್ಲಿರಲಿಲ್ಲ. ಸಾಮಾನು ತರೋಕೆ ಹೋಗಿದ್ದೆ ಅಂತ ಪೊಲೀಸರಿಗೂ ಹೇಳಿದೀನಿ." ಅವನು ಮುಖ ತಿರುಗಿಸಿದ. "ರಸ್ತೆ ಮೇಲೆ ಬ್ರೇಕಿನ ಗುರುತಿದೆ ಅಂತೆ. ಅವರು ಬ್ರೇಕ್ ಒತ್ತಿದ್ದಾರೆ, ಕಾರು ಮಾತ್ರ ಎಳ್ಕೊಂಡೇ ಹೋಗಿದೆ. ಇನ್ಸ್‌ಪೆಕ್ಟರು ಏನಂದ ಗೊತ್ತಾ? 'ಸರ್ವೇ ರಿಪೋರ್ಟ್ ಬರಲಿ, ಆಮೇಲೆ ನಿನ್ನ ಮನೆ ಊಟ ಬಿಡಿಸ್ತೀನಿ' ಅಂದ."

ರಿಪೋರ್ಟು ಬೆಳಗಾದರೆ ಶುರುವಾಗುವುದಿತ್ತು. ಮಧ್ಯಾಹ್ನದ ಹೊತ್ತಿಗೆ ಅವಳ ಸಹೋದ್ಯೋಗಿ ಗುದ್ದಿದ ಕಾರುಗಳನ್ನು ನಿಲ್ಲಿಸುವ ಯಾರ್ಡಿಗೆ ಬರುತ್ತಾರೆ. ಕಾರಿನಲ್ಲಿ ತಪ್ಪು ಕಂಡರೆ ಸಂಜೆಯೊಳಗೆ ತಮ್ಮ ಠಾಣೆಯಲ್ಲಿರುತ್ತಾನೆ. ಅವಳ ಎದೆಯ ಮೇಲೆ ಕೂತಿದ್ದದ್ದು ಇದೇ.

"ಮಲಗು ಹೋಗು," ಎಂದಳು.

ಅವನು ಸ್ವಿಚ್ಚನ್ನು ಜೇಬಿಗಿಳಿಸಿ ಎದ್ದ. ಕೋಣೆಯ ಬಾಗಿಲು ಹಾಕಿಕೊಂಡ. ಅವಳು ದೀಪ ಆರಿಸಿ ಕತ್ತಲಲ್ಲಿ ಕಿವಿಗೊಟ್ಟು ನಿಂತಳು. ಬಾಗಿಲ ಆಚೆಯಿಂದ, ಮೆಲ್ಲಗೆ, ಟಿಕ್.

*

ಯಾರ್ಡಿನ ಗೇಟು ಕಾಯುವವನ ಸೊಂಟದಲ್ಲಿ ಯಾವಾಗಲೂ ಬೀಗದಕೈ ಗೊಂಚಲು ಜೋತಾಡುತ್ತಿತ್ತು. ಎಲ್ಲರಿಗೂ ಅವನು ಬೀಗದಣ್ಣ.

"ಏನ್ ಸರ್ವೇಯರಮ್ಮ, ಇಷ್ಟು ಬೆಳಿಗ್ಗೆ? ನಮ್ಮ ಕಾರುಗಳು ಇನ್ನೂ ಮುಖ ತೊಳೆದಿಲ್ಲ."

"ಹಲ್ಲಿನ ಡಾಕ್ಟರ ಕಾರು ಎಲ್ಲಿ ನಿಲ್ಲಿಸಿದೀರಾ?"

ಅವನ ನಗು ಅರ್ಧಕ್ಕೆ ನಿಂತಿತು. "ಅದು ನಿಮ್ಮದಲ್ಲವಲ್ಲ. ಭೂತಗನ್ನಡಿ ಸಾಹೇಬ್ರದ್ದು."

ಭೂತಗನ್ನಡಿ ಎಂದರೆ ಅವಳ ಸಹೋದ್ಯೋಗಿ. ಅವರ ಜೇಬಿನಲ್ಲಿ ನಿಜವಾಗಿಯೂ ಒಂದು ಭೂತಗನ್ನಡಿ ಇರುತ್ತಿತ್ತು. ಬೇರೆಯವರು ಕಣ್ಣು ಹಾಯಿಸಿ ಬಿಡುವಲ್ಲಿ ಅವರು ಮೂಗು ತಾಗಿಸಿ ನೋಡುತ್ತಿದ್ದರು.

"ದೂರದಿಂದ ನೋಡ್ತೀನಿ ಅಷ್ಟೆ."

"ದೂರದಿಂದ ನೋಡೋರು ಟಾರ್ಚು ತರ್ತಾರಾ?" ಎಂದು ಅವನು ಅವಳ ಚೀಲದ ಕಡೆ ಕಣ್ಣು ಹೊರಳಿಸಿದ. ಆದರೆ ಗೇಟು ತೆಗೆದ. ಅವನ ಮಗಳ ಸ್ಕೂಟರು ಗುದ್ದಿಸಿಕೊಂಡಾಗ ಅವಳು ಪರಿಹಾರಕ್ಕಾಗಿ ಓಡಾಡಿದ್ದನ್ನು ಅವನು ಮರೆತಿರಲಿಲ್ಲ. "ಬೇಗ ಬಂದುಬಿಡಿ. ನಾನಂತೂ ನಿಮ್ಮನ್ನ ನೋಡ್ಲಿಲ್ಲ. ನನ್ನ ಕಣ್ಣು ಮೊದಲೇ ಸರಿ ಇಲ್ಲ."

ಕಾರು ಮೂಲೆಯಲ್ಲಿ ತಗಡಿನ ಮಾಡಿನಡಿ ನಿಂತಿತ್ತು. ಹಿಂದಿನಿಂದ ನೋಡಿದರೆ ಏನೂ ಆಗಿಲ್ಲದಂತೆ ಕಾಣುತ್ತಿತ್ತು. ಮುದಿ ಕಾರಾದರೂ ಮುದ್ದಾಗಿ ಸಾಕಿದ ಕಾರು. ಬಣ್ಣ ಎಲ್ಲೂ ಎದ್ದಿರಲಿಲ್ಲ, ನಂಬರ್ ಪ್ಲೇಟಿನ ಸ್ಕ್ರೂಗಳು ಕೂಡ ಹೊಳೆಯುತ್ತಿದ್ದವು. ಮುಂದಕ್ಕೆ ಬಂದರೆ ಮಾತ್ರ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ಅವಳು ಮುಂದಕ್ಕೆ ಹೋಗಲಿಲ್ಲ. ಅಭ್ಯಾಸಬಲದಿಂದ ಹಿಂದಿನಿಂದಲೇ ಶುರು ಮಾಡಿದಳು. ಗುದ್ದಿದ ಜಾಗವನ್ನು ಎಲ್ಲರೂ ನೋಡುತ್ತಾರೆ. ಉಳಿದ ಜಾಗ ನೋಡುವವರು ಕಡಿಮೆ. ಡಿಕ್ಕಿಯ ಒಳಗಿನಿಂದ ಎಡಗಡೆ ದೀಪದ ಮುಚ್ಚಳ ತಿರುಗಿಸಿ, ಬ್ರೇಕ್ ಲೈಟಿನ ಬಲ್ಬು ಹೊರಗೆಳೆದಳು.

ಕೈ ಅಲ್ಲೇ ನಿಂತಿತು.

ಅದು ಗಾಜಿನ ಗುಂಡು ಬಲ್ಬಲ್ಲ. ಮೈತುಂಬ ಹಳದಿ ಚುಕ್ಕೆಗಳಿದ್ದ ಎಲ್ಇಡಿ. ಅವಳು ಬಲಗಡೆಯದನ್ನೂ ತೆಗೆದಳು. ಅದೂ ಎಲ್ಇಡಿ.

ರಾತ್ರಿ ತಮ್ಮ ಹೇಳಿದ್ದು ಒಂದೊಂದಾಗಿ ಮನಸ್ಸಿಗೆ ಬಂತು. ನೇರಳೆ ವೈರಿಗೆ ಫಿಲಮೆಂಟಿನ ಮೂಲಕ ಅರ್ತ್ ಸಿಗಬೇಕು. ಎಲ್ಇಡಿಯಲ್ಲಿ ಫಿಲಮೆಂಟೇ ಇಲ್ಲ. ಅರ್ತ್ ಸಿಗದಿದ್ದರೆ ಕ್ರೂಸ್ ಶುರುವೇ ಆಗುವುದಿಲ್ಲ. ಅಂದರೆ ಆ ದಿನ ಕೇಬಲ್ಲನ್ನು ಮೋಟಾರು ಎಳೆದಿರುವುದು ಸಾಧ್ಯವೇ ಇಲ್ಲ. ಎಳೆದದ್ದು ಡಾಕ್ಟರ ಕಾಲೇ. ಆಪರೇಷನ್ ಆದ ಮೊಣಕಾಲು ಬ್ರೇಕಿನ ಮೇಲೆ ಕೈಕೊಟ್ಟಿರಬೇಕು. ತಮ್ಮನ ತಪ್ಪಿಲ್ಲ.

ಎಷ್ಟೋ ದಿನಗಳ ಮೇಲೆ ಅವಳ ಉಸಿರು ಪೂರ್ತಿ ಒಳಗೆ ಹೋಯಿತು.

"ಯಾರದು ಅಲ್ಲಿ?"

ಕಾರಿನ ಒಳಗಿನಿಂದ ಬಂದ ದನಿ. ಎಡಗಡೆ ಬಾಗಿಲು ಕಿರುಗುಟ್ಟಿ ತೆರೆದುಕೊಂಡಿತು. ಡಾಕ್ಟರ ಅಳಿಯ ಇಳಿದು ಬಂದ. ಕೈಯಲ್ಲೊಂದು ರಟ್ಟಿನ ಪೆಟ್ಟಿಗೆ; ಅದರಲ್ಲಿ ಡಾಕ್ಟರ ಕಪ್ಪು ಕನ್ನಡಕ, ಒಂದು ಛತ್ರಿ, ಮೊಣಕಾಲಿಗೆ ಹಾಕುವ ಪಟ್ಟಿ.

"ಓಹೋ," ಎಂದ ಅವಳನ್ನು ಗುರುತಿಸಿ. "ಅಕ್ಕನೇ ಬಂದುಬಿಟ್ರಾ, ಸಾಕ್ಷಿ ಒರೆಸೋಕೆ?"

"ನಿಮ್ಮನ್ನ ಒಳಗೆ ಬಿಟ್ಟಿದ್ದು ಯಾರು?"

"ಸತ್ತೋರ ಸಾಮಾನು ತಗೊಂಡು ಹೋಗೋಕೆ ಆಫೀಸಿನಿಂದ ಒಪ್ಪಿಗೆ ತಂದಿದೀನಿ. ನಿಮ್ಮ ಹತ್ರ ಏನಿದೆ?"

ಅವಳು ಬಲ್ಬನ್ನು ಅಂಗೈಯಲ್ಲಿಟ್ಟು ಅವನ ಮುಂದೆ ಹಿಡಿದಳು. "ಇದನ್ನ ಹಾಕಿದ್ದು ಯಾರು?"

"ನಾನೇ. ಯಾಕೆ, ಬಲ್ಬು ಹಾಕೋದೂ ಅಪರಾಧನಾ? ಮಾವ ಕತ್ತಲಲ್ಲಿ ಬರ್ತಾರೆ, ಹಿಂದಿನವರಿಗೆ ಚೆನ್ನಾಗಿ ಕಾಣಲಿ ಅಂತ ಹಾಕಿಸಿದೆ."

"ಯಾವಾಗ?"

"ನಿಮ್ಮ ತಮ್ಮ ಆ ದರಿದ್ರದ ಕ್ರೂಸು ಕೂರಿಸಿದ ಮೇಲೆ. ಆ ವಾರವೇ." ಅವನ ದನಿ ಏರಿತು. "ನನ್ನ ಹೆಂಡತಿ ಅನ್ನದ ತಟ್ಟೆ ಮುಂದೆ ಇಟ್ಕೊಂಡು ಹಾಗೇ ಕೂತಿರ್ತಾಳೆ, ಗೊತ್ತಾ ನಿಮಗೆ? ಅಪ್ಪ ಕೊನೇಗೆ ಏನು ಅಂದ್ಕೊಂಡಿರ್ತಾರೆ ಅಂತ ಕೇಳ್ತಾಳೆ. ಬ್ರೇಕ್ ಒತ್ತಿ ಒತ್ತಿ ಏನಂದ್ಕೊಂಡಿರ್ತಾರೆ? ನೀವು ಹೇಳಿ ಅವಳಿಗೆ."

ಅವಳು ಮೆಲ್ಲಗೆ, ಒಂದೊಂದೇ ಪದ ಆರಿಸಿ ಹೇಳಿದಳು. "ನಿಮ್ಮ ಸಂಕಟ ನನಗೆ ಅರ್ಥವಾಗುತ್ತೆ. ಆದ್ರೆ ಈ ಬಲ್ಬು ಇದ್ರೆ ಕ್ರೂಸ್ ಕೆಲಸವೇ ಮಾಡಲ್ಲ. ಗುಂಡಿ ಎಷ್ಟು ಒತ್ತಿದ್ರೂ ಶುರು ಆಗಲ್ಲ. ನಿಮ್ಮ ಮಾವ ಹೋದ ದಿನ ಅದು ಸತ್ತೇ ಇತ್ತು. ನನ್ನ ತಮ್ಮ ಏನೂ ಮಾಡಿಲ್ಲ."

ಅಳಿಯ ಪೆಟ್ಟಿಗೆಯನ್ನು ಕಾರಿನ ಮೇಲಿಟ್ಟ. ಅವನ ಮುಖದಲ್ಲಿ ಸಿಟ್ಟಿನ ಜಾಗಕ್ಕೆ ಗೊಂದಲ ಬಂತು.

"ಅದಕ್ಕೇನಾ ಅದು ಕೆಟ್ಟಿದ್ದು?" ಎಂದ.

"ಅಂದ್ರೆ?"

"ಬಲ್ಬು ಹಾಕಿಸಿದ ಮಾರನೇ ದಿನ ಮಾವ ಗೊಣಗ್ತಾ ಬಂದ್ರು. ಕ್ರೂಸ್ ಏಳ್ತಾನೇ ಇಲ್ಲ ಅಂತ. ಹೊಸ ಆಟಿಕೆ ಕೆಟ್ಟುಹೋದ ಮಗು ಹಾಗೆ ಮುಖ ಮಾಡ್ಕೊಂಡಿದ್ರು. ಸೀದಾ ನಿಮ್ಮ ಶೆಡ್ಡಿಗೆ ಓಡಿದ್ರು."

ತಗಡಿನ ಮಾಡಿನ ಮೇಲೆ ಯಾವುದೋ ಹಕ್ಕಿ ಟಕಟಕ ನಡೆದು ಹೋಯಿತು.

"ಆಮೇಲೆ?"

"ಆಮೇಲೇನು, ಸರಿ ಆಯ್ತು. ಸಾಯಂಕಾಲ ಬಂದು 'ಹೂವಿನ ಹಾಗೆ ಓಡ್ತಾ ಇದೆ' ಅಂದ್ರು. ಆ ಮೇಲೆ ಇಡೀ ವಾರ ಅದರಲ್ಲೇ ಓಡಾಡಿದ್ರು. ನಾನೂ ಒಂದ್ಸಲ ಜೊತೇಲಿ ಹೋಗಿದ್ದೆ, ಕಾಲು ಮಡಚಿ ಕೂತಿದ್ರು."

"ಸರಿ ಮಾಡಿಕೊಟ್ಟಿದ್ದು ಯಾರು? ನನ್ನ ತಮ್ಮ ಆವತ್ತು ಊರಲ್ಲಿರಲಿಲ್ಲ."

"ಅದು ನನಗೇನು ಗೊತ್ತು? ಶೆಡ್ಡಿನಲ್ಲಿ ಹಿರಿಯರು ಕೂತಿದ್ರು, ಟೀ ಕುಡಿಸಿದ್ರು ಅಂದ್ರು. ಹಳೇ ಕಾಲದ ಕಥೆ ಹೊಡ್ಕೊಂಡು ಕೂತಿದ್ದೆವು ಅಂದ್ರು." ಅವನು ಪೆಟ್ಟಿಗೆ ಎತ್ತಿಕೊಂಡ. ಎರಡು ಹೆಜ್ಜೆ ಹೋಗಿ ತಿರುಗಿದ. "ಸತ್ತೇ ಇತ್ತು ಅಂದ್ರಲ್ಲ ಮೇಡಂ. ಸತ್ತಿರಲಿಲ್ಲ. ನಿಮ್ಮ ಮನೆಯೋರೇ ಯಾರೋ ಬದುಕಿಸಿಕೊಟ್ಟಿದ್ದಾರೆ. ಹುಡುಕಿ."

ಅವನು ಹೋದ ದಾರಿಯನ್ನೇ ಅವಳು ನೋಡುತ್ತ ನಿಂತಳು. ಒಳಗೆ ಹೋದ ಉಸಿರು ಅಲ್ಲೇ ಸಿಕ್ಕಿಕೊಂಡಂತಿತ್ತು.

ಎಲ್ಇಡಿ ಇದ್ದೂ ಕ್ರೂಸ್ ಎದ್ದಿತ್ತೆಂದರೆ ಅದಕ್ಕೆ ಸರಿಯಾದ ದಾರಿ ಒಂದಿತ್ತು: ನಡುವೆ ಒಂದು ರಿಲೇ, ಅಂದರೆ ಬ್ರೇಕ್ ಒತ್ತಿದಾಗ ಮಾತ್ರ ಅರ್ತ್ ತಪ್ಪಿಸುವ ಸ್ವಿಚ್ಚು ಕೂರಿಸುವುದು. ಅದಕ್ಕೆ ಸಮಯ ಬೇಕು. ಇನ್ನೊಂದು ದಾರಿಯೂ ಇತ್ತು. ವೈರಿಗೆ ಅರ್ತ್ ಬೇಕು ತಾನೇ? ಬ್ರೇಕ್ ಲೈಟಿನಿಂದ ಅದನ್ನು ಬಿಡಿಸಿ, ಸೀದಾ ಕಾರಿನ ಬಾಡಿಗೇ ಕಟ್ಟಿಬಿಟ್ಟರೆ ಆಯಿತು. ಒಂದು ಲೋಟ ಟೀ ಮುಗಿಯುವಷ್ಟರಲ್ಲಿ ಆಗುವ ಕೆಲಸ. ಕ್ರೂಸ್ ಹೂವಿನ ಹಾಗೆ ಓಡುತ್ತದೆ. ವೇಗ ಕಮ್ಮಿ ಮಾಡಬೇಕೆಂದಾಗ ಗುಂಡಿ ಒತ್ತಿ ಆರಿಸುವ ಅಭ್ಯಾಸ ಇರುವವರೆಗೆ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಗೊತ್ತಾಗುವುದು ಒಂದೇ ಒಂದು ಸಲ. ಗಾಬರಿಯಲ್ಲಿ ಬ್ರೇಕ್ ಒತ್ತಿದ ಸಲ. ಆಗ ನೇರಳೆ ವೈರಿಗೆ ಆ ಸುದ್ದಿಯೇ ಮುಟ್ಟುವುದಿಲ್ಲ. ಕಾಲು ನಿಲ್ಲು ಎನ್ನುತ್ತಿದ್ದರೆ ಮೋಟಾರು ಹೋಗು ಎನ್ನುತ್ತಿರುತ್ತದೆ.

ಅವಳು ಮುಂದಿನ ಬಾಗಿಲಿಗೆ ಬಂದಳು. ಸೀಟಿನ ಮೇಲೆ ಬೆನ್ನು ಕೊಟ್ಟು, ತಲೆಯನ್ನು ಪೆಡಲುಗಳ ಕಡೆ ಇಳಿಬಿಟ್ಟು, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಡ್ಯಾಶ್‌ಬೋರ್ಡಿನ ಕೆಳಗೆ ಮುಖ ತೂರಿಸಿದಳು. ಗುದ್ದಿದ ರಭಸಕ್ಕೆ ಒಳಗೆಲ್ಲ ಸುಕ್ಕುಗಟ್ಟಿತ್ತು. ತಮ್ಮನ ಕೆಲಸ ಅಲ್ಲಿಯೂ ಅಚ್ಚುಕಟ್ಟಾಗಿತ್ತು. ಪ್ರತಿಯೊಂದು ಜೋಡಣೆಗೂ ಬಿಸಿಗಾಳಿಗೆ ಕುಗ್ಗಿ ಬಿಗಿಯುವ ಕಪ್ಪು ಕೊಳವೆ ಹೊದಿಸಿದ್ದ. ಕೆಂಪು, ಕಂದು, ಹಸಿರು. ನೇರಳೆ ಎಲ್ಲಿ?

ಟಾರ್ಚಿನ ಬೆಳಕು ಮುಟ್ಟದ ಮೂಲೆಯಲ್ಲಿತ್ತು. ಅವಳು ಕೈ ಚಾಚಿ ಬೆರಳಿನಿಂದಲೇ ವೈರಿನ ದಾರಿ ಹಿಡಿದಳು. ಅದು ಬ್ರೇಕ್ ಸ್ವಿಚ್ಚಿನ ಕಡೆ ಹೋಗಲಿಲ್ಲ. ಪಕ್ಕಕ್ಕೆ ತಿರುಗಿ ಇನ್ನೊಂದು ವೈರಿಗೆ ಸೇರಿತ್ತು. ಆ ವೈರು ಬಾಡಿಯ ಒಂದು ಬೋಲ್ಟಿನ ಕೆಳಗೆ ಕೂತಿತ್ತು.

ಜೋಡಿಸಿದ ಜಾಗದಲ್ಲಿ ಕೊಳವೆ ಇರಲಿಲ್ಲ. ಟೇಪು ಇತ್ತು. ಟೇಪಿನ ಮೇಲೆ, ಒತ್ತೊತ್ತಾಗಿ, ಸಣ್ಣ ಏಣುಗಳು. ದಾರ. ಕೊನೆಯಲ್ಲಿ ಒಂದು ಚಪ್ಪಟೆ ಗಂಟು.

ಅದನ್ನು ನೋಡುವ ಅಗತ್ಯವೇ ಅವಳಿಗಿರಲಿಲ್ಲ.

ಇಂಜಿನ್ನಿನ ಕಾವಿಗೆ ಟೇಪಿನ ಅಂಟು ಬಿಡುತ್ತದೆ ಎಂದು ಅಪ್ಪ ಮೇಣ ತಿಕ್ಕಿದ ದಾರ ಸುತ್ತುತ್ತಿದ್ದರು. ಬೇರೆ ಯಾವ ಶೆಡ್ಡಿನಲ್ಲೂ ಅವಳು ಅದನ್ನು ನೋಡಿರಲಿಲ್ಲ. ಗಂಟು ಕೂಡ ಅಪ್ಪನೇ ಕಂಡುಕೊಂಡದ್ದು, ಬೆರಳಿಗೆ ಸಿಗದಂತೆ ಮಲಗುವ ಗಂಟು. ಮಕ್ಕಳಿಬ್ಬರಿಗೂ ಅದನ್ನು ಕಲಿಸಿದ್ದರು. ತಮ್ಮ ಕೊಳವೆಗೆ ಬದಲಾದ ಮೇಲೆ ಅಪ್ಪ ಎಷ್ಟೋ ದಿನ ಮುನಿಸಿಕೊಂಡಿದ್ದರು: "ನಿಂದು ಅಂಗಡಿ ವಿದ್ಯೆ ಕಣಯ್ಯ, ನಂದು ಕೈ ವಿದ್ಯೆ."

ಅಪ್ಪ. ಕಣ್ಣು ಮಂಜಾದ ಮೇಲೂ ಶೆಡ್ಡಿನ ಕುರ್ಚಿ ಬಿಡದ ಅಪ್ಪ. ಹಳೇ ಸ್ನೇಹಿತ ಮುಖ ಸಣ್ಣ ಮಾಡಿಕೊಂಡು ಬಂದರೆ, ಮಗ ಬರಲಿ ನೋಡೋಣ ಎಂದು ಕೈಕಟ್ಟಿ ಕೂರುವ ಜನ್ಮವಲ್ಲ ಅದು. ಎಲ್ಇಡಿ, ರಿಲೇ ಇದೊಂದೂ ಗೊತ್ತಿಲ್ಲದೆ, ಅರ್ತ್ ಬೇಕಾ, ಕೊಟ್ಟರಾಯಿತು ಎಂದು ಕೊಟ್ಟುಬಿಟ್ಟಿದ್ದಾರೆ.

ಗೇಟಿನ ಕಡೆಯಿಂದ ಹಾರ್ನ್ ಕೇಳಿಸಿತು. ಬೀಗದಣ್ಣ ಬೇಕೆಂದೇ ಗಂಟಲು ಹರಿಯುವಂತೆ ಕೂಗಿದ: "ಬನ್ನಿ ಸಾರ್, ಬನ್ನಿ! ಮಧ್ಯಾಹ್ನ ಬರ್ತೀನಿ ಅಂದಿದ್ರಿ, ಬೆಳಿಗ್ಗೆನೇ ಬಂದ್ರಲ್ಲ ಸಾರ್!"

ಭೂತಗನ್ನಡಿ.

ಅವಳು ಯೋಚಿಸಲಿಲ್ಲ. ಯೋಚಿಸಿದ್ದರೆ ಮಾಡುತ್ತಿರಲಿಲ್ಲ. ಚೀಲದಿಂದ ಕಟರ್ ತೆಗೆದು ಗಂಟಿನ ಆಚೆ ಒಮ್ಮೆ, ಈಚೆ ಒಮ್ಮೆ ಕತ್ತರಿಸಿದಳು. ಕಡ್ಡಿಯಷ್ಟು ಉದ್ದದ ತುಂಡು ಅಂಗೈಗೆ ಬಿತ್ತು. ಎಲ್ಇಡಿಗಳನ್ನು ಇದ್ದಲ್ಲೇ ಕೂರಿಸಿ, ತಗಡಿನ ಮಾಡಿನ ಹಿಂಬದಿಯಿಂದ, ಸತ್ತ ಕಾರುಗಳ ಸಂದಿಯಲ್ಲಿ ತಲೆ ತಗ್ಗಿಸಿಕೊಂಡು ನಡೆದಳು. ಜೀವಮಾನವೆಲ್ಲ ಇಂಥ ಕೆಲಸ ಮಾಡಿದವರನ್ನು ಹಿಡಿದುಕೊಟ್ಟವಳು ಅವಳು.

*

ಮನೆಗೆ ಬಂದಾಗ ಅಪ್ಪ, ತಮ್ಮ ಇಬ್ಬರೂ ಅಡುಗೆಮನೆಯಲ್ಲೇ ಇದ್ದರು. ಮೇಜಿನ ಮೇಲೆ ಮೂರು ತಟ್ಟೆ ಬೋರಲು ಹಾಕಿತ್ತು, ಯಾರೂ ಉಂಡಿರಲಿಲ್ಲ.

"ಬಲ್ಬು ಎಲ್ಇಡಿ ಕಣೋ," ಎಂದಳು ತಮ್ಮನಿಗೆ. "ಅಳಿಯ ಹಾಕಿಸಿದ್ದು. ಭೂತಗನ್ನಡಿಯವರಿಗೆ ಅದು ಕಾಣದೇ ಇರಲ್ಲ. ಕ್ರೂಸ್ ಶುರುವೇ ಆಗಿರಲ್ಲ ಅಂತ ಬರೀತಾರೆ. ನೀನು ಬಚಾವು."

ಅವನು ಕುಣಿದಾಡುತ್ತಾನೆ ಎಂದುಕೊಂಡಿದ್ದಳು. ಕನಿಷ್ಠ ಅಳುತ್ತಾನೆ ಎಂದು. ಅವನು ತಟ್ಟೆಯೊಂದನ್ನು ತಿರುಗಿಸಿಟ್ಟು, ಮತ್ತೆ ಬೋರಲು ಹಾಕಿದ.

"ಡ್ಯಾಶ್ ಕೆಳಗೆ ನೋಡಿದ್ಯಾ?" ಎಂದ.

"ಇಲ್ಲ. ಹೊತ್ತಿರಲಿಲ್ಲ."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಗಾಬರಿಯಾಯಿತು. ಅಪ್ಪನ ಕಡೆ ತಿರುಗಿದಳು. ತಾನು ಏನು ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಗದರಿಸುವಂತಿರಬಾರದು, ಹೆದರಿಸುವಂತಿರಬಾರದು.

"ಅಪ್ಪ, ಡಾಕ್ಟರು ಎರಡನೇ ಸಲ ಶೆಡ್ಡಿಗೆ ಬಂದಿದ್ರಲ್ಲ, ಆವತ್ತು ನೀವಿದ್ರಾ?"

ಅಪ್ಪ ಅವಳನ್ನು ನೋಡಲಿಲ್ಲ. ಮಗನನ್ನು ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ ತಮ್ಮ ಎದ್ದು ನೀರು ಕುಡಿಯುವ ನೆಪ ಮಾಡಿ ಬೆನ್ನು ತಿರುಗಿಸಿದ.

"ನೆನಪಿಲ್ಲಮ್ಮ," ಎಂದರು ಅಪ್ಪ.

ಮೂವತ್ತು ವರ್ಷದ ಹಿಂದಿನ ಕಾರಿಗೆ ಯಾವ ಬಣ್ಣದ ವೈರು ಎಲ್ಲಿಗೆ ಹೋಗುತ್ತದೆಂದು ಕಣ್ಣು ಮುಚ್ಚಿ ಹೇಳುವ ಮನುಷ್ಯ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣೊರೆಸಿಕೊಂಡರು. "ವಯಸ್ಸಾಯ್ತು. ಎಲ್ಲ ಮರೆತುಹೋಗುತ್ತೆ. ಒಳ್ಳೆಯದೇ ಬಿಡು."

ಅವರು ಎದ್ದು ಗೋಡೆ ಹಿಡಿದು ಕೋಣೆಗೆ ಹೋದರು. ಕನ್ನಡಕ ಅಲ್ಲೇ ಉಳಿಯಿತು. ತಮ್ಮ ಅವರ ಹಿಂದೆಯೇ ಹೋದ, ಕೈಹಿಡಿದು ಕರೆದೊಯ್ಯುವವನ ಹಾಗೆ.

ಅವಳು ಕನ್ನಡಕ ಎತ್ತಿಕೊಂಡಳು. ಹೋದ ತಿಂಗಳು ಅದರ ಒಂದು ಕಡ್ಡಿ ಮುರಿದಿತ್ತು. ಅಂಗಡಿಗೆ ಕೊಡೋಣವೆಂದರೆ ಕೇಳದೆ ಅಪ್ಪ ತಾವೇ ದಾರ ಸುತ್ತಿಕೊಂಡಿದ್ದರು. ಅದೇ ಮೇಣದ ದಾರ. ಅದೇ ಮಲಗುವ ಗಂಟು. ಹೆಬ್ಬೆರಳಿನಿಂದ ಅದನ್ನು ಸವರುತ್ತ ಅವಳಿಗೆ ದುಃಖ ಉಕ್ಕಿ ಬಂತು.

ಆಮೇಲೆ ಕೈ ನಿಂತಿತು.

ಚೀಲದಿಂದ ವೈರಿನ ತುಂಡು ತೆಗೆದು ಕನ್ನಡಕದ ಪಕ್ಕದಲ್ಲಿಟ್ಟಳು. ಕಿಟಕಿಯ ಬೆಳಕಿಗೆ ಎರಡನ್ನೂ ಸರಿಸಿದಳು.

ಕನ್ನಡಕದ ಮೇಲಿನ ದಾರ ಎಡಕ್ಕೆ ಓರೆಯಾಗಿ ಏರಿತ್ತು. ವೈರಿನ ಮೇಲಿನದು ಬಲಕ್ಕೆ.

ಅವಳು ತುಂಡನ್ನು ತಿರುವಿ ಹಾಕಿದಳು. ಮತ್ತೆ ಬಲಕ್ಕೇ. ಸ್ಕ್ರೂವಿನ ಸುತ್ತಿನ ಹಾಗೆ, ಯಾವ ತುದಿಯಿಂದ ಹಿಡಿದರೂ ಅದು ಬದಲಾಗುವಂಥದ್ದಲ್ಲ.

ಅಪ್ಪ ಎಡಚರು. ಅವರ ಕೈಯಲ್ಲಿ ದಾರ ಓಡುವುದೇ ಆ ಕಡೆಗೆ. ಮಕ್ಕಳಿಬ್ಬರೂ ಅವರ ಎದುರು ಕೂತು, ಕನ್ನಡಿ ನೋಡಿ ಕಲಿತಂತೆ ಕಲಿತವರು. ಇಬ್ಬರದ್ದೂ ಉಲ್ಟಾ ಆಯಿತು. "ಇಬ್ಬರೂ ಸೇರಿ ನನ್ನ ವಿದ್ಯೆ ತಲೆಕೆಳಗು ಮಾಡಿದ್ರಿ," ಎಂದು ಅಪ್ಪ ನಗುತ್ತಿದ್ದರು. ಲೋಕದಲ್ಲಿ ಈ ದಾರವನ್ನು ಬಲಕ್ಕೆ ಸುತ್ತುವವರು ಇಬ್ಬರೇ. ಅವಳು ಸುತ್ತಿಲ್ಲ.

ಅವನು ಊರಲ್ಲಿರಲಿಲ್ಲ ಎಂದಿದ್ದ. ಅವಳಿಗೆ ಹೇಳಿದ್ದ. ಪೊಲೀಸರಿಗೂ ಹೇಳಿದ್ದ.

ಕೊಳವೆ ಬಿಟ್ಟು ದಾರ ಯಾಕೆ ಸುತ್ತಿದ? ಬಿಸಿಗಾಳಿ ಯಂತ್ರ ಕೈಗೆ ಸಿಗದಷ್ಟು ಅವಸರವಿತ್ತೇ? ನಾಳೆ ರಿಲೇ ತಂದು ಸರಿಮಾಡೋಣ ಎಂದುಕೊಂಡು ಮರೆತನೇ? ಅಥವಾ, ಯಾರಾದರೂ ನೋಡಿದರೆ ಇದು ಮುದುಕನ ಕೈಕೆಲಸ ಎಂದುಕೊಳ್ಳಲಿ ಎಂದೇ? ಕೊನೆಯದನ್ನು ಅವಳು ತಲೆಯಿಂದ ಕೊಡವಿ ಹಾಕಿದಳು. ಅದು ಹೋಗಿ ಬಾಗಿಲ ಬಳಿ ನಿಂತಿತು, ಮನೆ ಬಿಟ್ಟು ಹೋಗಲಿಲ್ಲ.

ಅಪ್ಪನಿಗೆ ಗೊತ್ತು. ಆ ನೋಟವೇ ಹೇಳಿತ್ತು. ಗೊತ್ತಿದ್ದೂ ಮರೆವನ್ನು ಹೊದ್ದುಕೊಂಡಿದ್ದಾರೆ.

ಫೋನು ಕುಣಿಯಿತು. ಅವಳು ತುಂಡನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಫೋನನ್ನು ಕಿವಿಗಿಟ್ಟಳು.

"ನಾನಮ್ಮ," ಎಂದರು ಭೂತಗನ್ನಡಿ. ಅವರ ದನಿ ಎಂದಿನಂತೆ ಸಾವಧಾನವಾಗಿತ್ತು. "ಬಲ್ಬು ನೋಡಿದೆ. ಎಲ್ಇಡಿ. ನಿಮ್ಮ ತಮ್ಮನಿಗೆ ಒಳ್ಳೆಯದೇ ಆಯ್ತು ಅಂದ್ಕೊಂಡು ಡ್ಯಾಶ್ ಕೆಳಗೆ ಬಗ್ಗಿದೆ."

"ಹೂಂ."

"ಅಲ್ಲಿ ಎರಡು ವೈರಿನ ತುದಿ ಇದೆ. ಬೇರೆಲ್ಲ ಕಡೆ ತಾಮ್ರ ಮಂಕಾಗಿದೆ, ಈ ಎರಡು ತುದಿ ಹೊಸ ಹಿತ್ತಾಳೆ ಪಾತ್ರೆ ಹಾಗೆ ಹೊಳೀತಾ ಇವೆ. ನಿಮಗೆ ಬಿಡಿಸಿ ಹೇಳಬೇಕಾ? ಇವತ್ತು ಬೆಳಿಗ್ಗೆ ಕತ್ತರಿಸಿದ್ದು."

ಹೊಸದಾಗಿ ಕೊಯ್ದ ತಾಮ್ರ ಹೊಳೆಯುತ್ತದೆ ಎಂದು ಆಫೀಸಿಗೆ ಸೇರಿದ ಹೊಸಬರಿಗೆಲ್ಲ ಪಾಠ ಹೇಳುತ್ತಿದ್ದವಳು ಅವಳೇ.

"ಗೇಟಿನವನನ್ನ ಕೇಳಿದೆ. ಅವನಿಗೆ ಕಣ್ಣು ಕಾಣಲ್ವಂತೆ. ಆದ್ರೆ ನಿಮ್ಮ ಸ್ಕೂಟರನ್ನ ರಸ್ತೆ ತಿರುವಿನಲ್ಲಿ ನಾನೇ ನೋಡಿದೆ. ಬೈಯೋಕೆ ಫೋನ್ ಮಾಡಿದ್ದಲ್ಲಮ್ಮ. ನಾನಾಗಿದ್ರೂ ಬರ್ತಿದ್ದೆ. ಒಂದೇ ಒಂದು ಹೇಳಿ. ನೀವು ಅಲ್ಲಿದ್ದಾಗ ಬೇರೆ ಯಾರಾದ್ರೂ ಇದ್ರಾ?"

ಕೋಣೆಯೊಳಗೆ ಅಪ್ಪ ಏನೋ ಕೇಳಿದರು, ತಮ್ಮ ಮೆಲುದನಿಯಲ್ಲಿ ಏನೋ ಅಂದ. ಅವಳು ಮುಷ್ಟಿ ಇನ್ನೂ ಬಿಗಿ ಮಾಡಿದಳು. ತಾಮ್ರದ ತುದಿ ಅಂಗೈಗೆ ಚುಚ್ಚಿತು.

"ಡಾಕ್ಟರ ಅಳಿಯ ಇದ್ರು," ಎಂದಳು.

"ಎಲ್ಲಿ? ಕಾರಿನ ಹತ್ರಾನಾ?"

"ಕಾರಿನ ಒಳಗೆ. ನಾನು ಹೋಗೋ ಮೊದಲೇ ಇದ್ರು."

"ಬಲ್ಬು ಹಾಕಿಸಿದ್ದೂ ಅವನೇ, ಅಲ್ವಾ?"

"ಹೌದು. ಅವರೇ ಹೇಳಿದ್ರು."

ಅದರಲ್ಲಿ ಒಂದು ಪದವೂ ಸುಳ್ಳಾಗಿರಲಿಲ್ಲ. ಆ ಕಡೆ ದೀರ್ಘವಾದ ಒಂದು ಉಸಿರು ಕೇಳಿತು. "ಹಾಗಾದ್ರೆ ಕತ್ತರಿಸಿದ್ದು ಅವನೇ ಇರಬೇಕು ಅಂತ ಇನ್ಸ್‌ಪೆಕ್ಟರಿಗೆ ಒಂದು ಮಾತು ಹೇಳಿಬಿಡ್ತೀನಿ," ಎಂದರು ಭೂತಗನ್ನಡಿ. ಫೋನು ಕಟ್ಟಾಯಿತು.

ಅನ್ನದ ತಟ್ಟೆಯ ಮುಂದೆ ಕೂತ ಹೆಣ್ಣುಮಗಳೊಬ್ಬಳು ಅವಳ ಕಣ್ಣ ಮುಂದೆ ಬಂದಳು. ಅಪ್ಪನನ್ನು ಕಳೆದುಕೊಂಡವಳು. ಸಂಜೆಯೊಳಗೆ ಅವಳ ಗಂಡನನ್ನೂ ಕರೆದೊಯ್ಯುತ್ತಾರೆ.

ಮತ್ತೆ ಫೋನ್ ಮಾಡಬಹುದು. ಬೆರಳು ಆ ಹೆಸರಿನ ಮೇಲೆಯೇ ಇತ್ತು. ತುಂಡು ನನ್ನ ಕೈಯಲ್ಲಿದೆ, ಕತ್ತರಿಸಿದ್ದು ನಾನು, ಕಟ್ಟಿದ್ದು ನನ್ನ ತಮ್ಮ. ಮೂರೇ ಮಾತು.

"ಅಕ್ಕ," ತಮ್ಮ ಬಾಗಿಲಲ್ಲಿ ನಿಂತಿದ್ದ. "ಯಾರದು ಫೋನು?"

ಅವಳು ಅವನ ಮುಖ ನೋಡಿದಳು. ಚಿಕ್ಕಂದಿನಲ್ಲಿ ದಾರ ಸಿಕ್ಕುಮಾಡಿಕೊಂಡು, ಅಪ್ಪ ನೋಡುವ ಮೊದಲು ಬಿಡಿಸಿಕೊಡು ಎಂದು ಅವಳ ಮುಂದೆ ಹಿಡಿಯುತ್ತಿದ್ದ ಮುಖ. ಅದೇ ಮುಖ. ಅದರ ಹಿಂದೆ ಏನಿದೆಯೆಂದು ಓದಲು ಅವಳಿಗೆ ಮೊದಲ ಬಾರಿಗೆ ಬರಲಿಲ್ಲ.

"ಆಫೀಸಿನದು," ಎಂದಳು. "ತಟ್ಟೆ ಹಾಕು. ಊಟ ಮಾಡೋಣ."

ಅವನು ಬೋರಲು ಹಾಕಿದ್ದ ತಟ್ಟೆಗಳನ್ನು ಒಂದೊಂದಾಗಿ ತಿರುಗಿಸಿಟ್ಟ. ಅವನ ಅಂಗಿಯ ಜೇಬಿನಲ್ಲಿ ಆ ಸ್ವಿಚ್ಚು ಉಬ್ಬಿಕೊಂಡು ಕಾಣುತ್ತಿತ್ತು. ಅವಳು ಒಲೆಯ ಕಡೆ ತಿರುಗಿ, ವೈರಿನ ತುಂಡನ್ನು ರವಿಕೆಯೊಳಗೆ ಸೇರಿಸಿಕೊಂಡಳು. ಪಾತ್ರೆ ಇಳಿಸಿದಳು. ಮೊದಲು ಅಪ್ಪನ ತಟ್ಟೆಗೆ, ಆಮೇಲೆ ತಮ್ಮನದಕ್ಕೆ ಬಡಿಸಿದಳು. ಬಡಿಸುತ್ತ ಬಡಿಸುತ್ತಲೇ ತೀರ್ಮಾನಿಸಿದಳು: ಭೂತಗನ್ನಡಿಯವರಿಗಿಲ್ಲ, ಇನ್ಸ್‌ಪೆಕ್ಟರಿಗಿಲ್ಲ, ಅಪ್ಪನಿಗಿಲ್ಲ, ಎದುರು ಕೂತು ಅನ್ನ ಕಲಸುತ್ತಿರುವ ಇವನಿಗೂ ಇಲ್ಲ. ಯಾರಿಗೂ ಹೇಳುವುದಿಲ್ಲ.